ಆ ಹುಲ್ಲಿಗೆ ಟಾರು ಬಿದ್ದದ್ದು ಆಮೇಲೆ

ನನಗೂ ನನ್ನ ಭಾವಮೈದನಿಗೂ ಒಂದು ಹಳೇ ಜಗಳವಿದೆ. ಹಬ್ಬಕ್ಕೆ ಎಲ್ಲರೂ ಸೇರಿ, ಊಟ ಮುಗಿದು, ಎಲೆಯಡಿಕೆ ತಟ್ಟೆ ನಡುಮನೆಗೆ ಬಂದ ಮೇಲೆ ಅದು ಶುರುವಾಗುತ್ತದೆ. ಕಾರ್ಟ್ ಎಂಬ ಕಾರ್ ರೇಸ್ ಸರಣಿಯ 1999ರ ಚಾಂಪಿಯನ್‌ಶಿಪ್ ನ್ಯಾಯವಾಗಿ ಯಾರಿಗೆ ಸೇರಬೇಕಿತ್ತು? ಹುವಾನ್ ಪಾಬ್ಲೊ ಮೊಂಟೋಯಾಗೋ, ಡಾರಿಯೊ ಫ್ರಾಂಕಿಟ್ಟಿಗೋ? "ಭಾವ, ಇಬ್ರದ್ದೂ 212 ಪಾಯಿಂಟು. ಇಬ್ರಿಗೂ ಕಪ್ಪು ಕೊಡ್ಬೇಕಿತ್ತು" ಅಂತ ಅವನು. ಏಳು ರೇಸು ಗೆದ್ದವನಿಗೂ ಮೂರು ಗೆದ್ದವನಿಗೂ ಒಂದೇ ಮಣೆ ಹಾಕೋದು ಯಾವ ನ್ಯಾಯ ಅಂತ ನಾನು. ಮನೆಯ ಹೆಂಗಸರು ನಮ್ಮಿಬ್ಬರನ್ನೂ ಬಿಟ್ಟು ಒಳಗೆ ಹೋಗುತ್ತಾರೆ.

ಈ ಸಲ ಜಗಳ ಅರ್ಧಕ್ಕೇ ನಿಂತಿತು. ನಿಲ್ಲಿಸಿದ್ದು ನಾನೇ. ಯಾಕೆ ಅಂತ ಅವತ್ತು ಅವನಿಗೆ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಗೊತ್ತಿಲ್ಲದವರಿಗೆ ಎರಡು ಮಾತು. ಇದು ಫಾರ್ಮುಲಾ ಒನ್ ಅಲ್ಲ, ಅಮೆರಿಕದ ಆಟ. ಕಾರು ನೋಡಲು ಅದೇ ತರಹ: ಚಕ್ರಗಳ ಮೇಲೆ ಮುಚ್ಚಿಗೆ ಇಲ್ಲ, ಚಾಲಕನ ಹೆಲ್ಮೆಟ್ ಹೊರಗೇ ಕಾಣುತ್ತದೆ. ಪೆಟ್ರೋಲಿನ ಬದಲು ಮೆಥನಾಲ್ ಕುಡಿಯುವ 2.65 ಲೀಟರಿನ ಟರ್ಬೊ ಎಂಜಿನ್, 800ಕ್ಕೂ ಮೀರಿದ ಅಶ್ವಶಕ್ತಿ. ಆ ವರ್ಷ 20 ರೇಸುಗಳಿದ್ದವು. ಒಂದು ಭಾನುವಾರ ಊರಿನ ಬೀದಿಗಳನ್ನೇ ಮುಚ್ಚಿ ಓಡಿಸುವುದು, ಮುಂದಿನ ವಾರ ಮೊಟ್ಟೆಯಾಕಾರದ ಓವಲ್ ಟ್ರ್ಯಾಕಿನಲ್ಲಿ ಗಂಟೆಗೆ 350 ಕಿ.ಮೀ. ದಾಟುವುದು, ಇನ್ನೊಮ್ಮೆ ಕ್ಲೀವ್‌ಲ್ಯಾಂಡಿನ ವಿಮಾನ ನಿಲ್ದಾಣದ ರನ್‌ವೇ ಮೇಲೆ. ಜಪಾನ್, ಬ್ರೆಜಿಲ್, ಕೆನಡಾ, ಆಸ್ಟ್ರೇಲಿಯಾಕ್ಕೂ ಹೋಗುತ್ತಿದ್ದರು. 1996ರಲ್ಲಿ ಮನೆ ಒಡೆದು, ಇಂಡಿಯಾನಾಪೊಲಿಸ್‌ನವರು ಬೇರೆಯೇ ಸರಣಿ ಕಟ್ಟಿಕೊಂಡು, ಇಂಡಿ 500 ಎಂಬ 500 ಮೈಲಿ ಓಟದ ದೊಡ್ಡ ಹಬ್ಬವೇ ಇವರ ಕೈತಪ್ಪಿತ್ತು. ಹಾಗಿದ್ದೂ ಒಳ್ಳೆಯ ಚಾಲಕರು, ಒಳ್ಳೆಯ ತಂಡಗಳು ಬಹುಪಾಲು ಈ ಕಡೆಯೇ ಉಳಿದಿದ್ದವು. ನನ್ನ ಮಟ್ಟಿಗೆ ಅಷ್ಟು ಚಂದದ ರೇಸಿಂಗ್ ಆ ದೇಶದಲ್ಲಿ ಮತ್ತೆ ಬರಲಿಲ್ಲ.

ಮೊಂಟೋಯಾ ಕೊಲಂಬಿಯಾದ ಹುಡುಗ, ಆ ಸರಣಿಗೆ ಹೊಸಬ. ಎರಡು ಸಲ ಚಾಂಪಿಯನ್ ಆಗಿದ್ದ ಅಲೆಕ್ಸ್ ಜನಾರ್ಡಿ ಫಾರ್ಮುಲಾ ಒನ್‌ಗೆ ಹೊರಟುಹೋದ ಮೇಲೆ ಗನಾಸಿ ತಂಡದಲ್ಲಿ ಅವನ ಜಾಗಕ್ಕೆ ಬಂದವನು. ಮೂರನೇ ರೇಸಿನಲ್ಲೇ, ಲಾಂಗ್ ಬೀಚಿನಲ್ಲಿ, ಗೆದ್ದ. ಆಮೇಲೆ ನಜರೆತ್, ಆಮೇಲೆ ರಿಯೊ, ಸಾಲಾಗಿ ಮೂರು. ಆಗಸ್ಟ್-ಸೆಪ್ಟೆಂಬರಿನಲ್ಲಿ ಮಿಡ್-ಒಹಾಯೊ, ಶಿಕಾಗೊ, ವ್ಯಾಂಕೂವರ್, ಮತ್ತೆ ಸಾಲಾಗಿ ಮೂರು. ಫ್ರಾಂಕಿಟ್ಟಿ ಸ್ಕಾಟ್ಲೆಂಡಿನವನು, ನಾಜೂಕಿನ ಕೈ. ಗೆದ್ದದ್ದು ಮೂರೇ ಆದರೂ ಎರಡನೆಯದು, ಮೂರನೆಯದು ಅಂತ ಪಾಯಿಂಟು ಕೂಡಿಸುತ್ತ ಬಂದ. ಹ್ಯೂಸ್ಟನ್‌ನಲ್ಲೂ ಆಸ್ಟ್ರೇಲಿಯಾದಲ್ಲೂ ಮೊಂಟೋಯಾ ಡಿಕ್ಕಿಯಾಗಿ ಹೊರಬಿದ್ದ. ಕೊನೆಯ ರೇಸಿಗೆ ಬಂದಾಗ ಫ್ರಾಂಕಿಟ್ಟಿ 209, ಮೊಂಟೋಯಾ 200. ಆ ದಿನ ಮೊಂಟೋಯಾ ನಾಲ್ಕನೆಯವನಾಗಿ 12 ಪಾಯಿಂಟು ತಗೊಂಡ. ಟೈರು, ಇಂಧನಕ್ಕೆ ನಿಲ್ಲುವ ಪಿಟ್ಟಿನಲ್ಲಿ ಹೊತ್ತು ಕಳೆದುಕೊಂಡ ಫ್ರಾಂಕಿಟ್ಟಿ ಹತ್ತನೆಯವನಾಗಿ 3. ಕೂಡಿಸಿ ನೋಡಿ: ಇಬ್ಬರದೂ 212. ಹೆಚ್ಚು ಗೆಲುವಿನ ಲೆಕ್ಕದಲ್ಲಿ ಪಟ್ಟ ಮೊಂಟೋಯಾಗೆ ಹೋಯಿತು.

ಭಾವಮೈದನ ದೊಡ್ಡ ಅಸ್ತ್ರ ಹ್ಯೂಸ್ಟನ್. ಅಲ್ಲಿ ಗೆದ್ದವನು ಪಾಲ್ ಟ್ರೇಸಿ, ಎರಡನೆಯವನು ಫ್ರಾಂಕಿಟ್ಟಿ. ಇಬ್ಬರೂ ಒಂದೇ ತಂಡ. "ಒಂದು ಮಾತು ರೇಡಿಯೊದಲ್ಲಿ ಹೇಳಿ ಟ್ರೇಸೀನ ಪಕ್ಕಕ್ಕೆ ಸರಿಸಿದ್ರೆ ಮುಗೀತಿತ್ತು, ಭಾವ. ನಾಲ್ಕು ಪಾಯಿಂಟು ಜಾಸ್ತಿ." ನಿಜ. 20ಕ್ಕೂ 16ಕ್ಕೂ ನಡುವೆ ನಾಲ್ಕು. ಆದರೆ ಗೆಲ್ಲುತ್ತಿರುವವನನ್ನು ನಿಲ್ಲಿಸಿ ಇನ್ನೊಬ್ಬನನ್ನು ಮುಂದೆ ಬಿಡದೇ ಇದ್ದದ್ದು ಆ ತಂಡಕ್ಕೆ ಗೌರವದ ಸಂಗತಿ ಅಂತಲೇ ಈಗಲೂ ನನ್ನ ಅಭಿಪ್ರಾಯ. ಪಟ್ಟ ಸರಿಯಾದವನಿಗೇ ಸಿಕ್ಕಿತು. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಇಷ್ಟು ವರ್ಷ ನಾವು ಬರೀ ಇದನ್ನೇ ಮಾತಾಡಿದೆವು ಅನ್ನುವುದು ನನ್ನ ಸಂಕಟ. ಯಾಕೆಂದರೆ ಆ ಕೊನೆಯ ರೇಸಿಗೆ ನಾನು ಹೋಗಿದ್ದೆ.

ಆಗ ನಾನು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ವೈಟೂಕೆ ಕೆಲಸದಲ್ಲಿದ್ದೆ, ಅಂದರೆ 2000ನೇ ಇಸವಿಗೆ ಕಂಪ್ಯೂಟರುಗಳ ತಾರೀಖು ಕೆಡದ ಹಾಗೆ ಸರಿಮಾಡುವ ಕೆಲಸ. ನಮ್ಮ ಕಡೆಯ ನೂರಾರು ಹುಡುಗರು ಆ ವರ್ಷ ಅದೇ ಕೆಲಸಕ್ಕೆ ಅಲ್ಲಿಗೆ ಹೋಗಿದ್ದರು. 1999ರ ಅಕ್ಟೋಬರ್ 31, ಭಾನುವಾರ. ಫಾಂಟಾನಾದ ಕ್ಯಾಲಿಫೋರ್ನಿಯಾ ಸ್ಪೀಡ್‌ವೇ ಹಿಂದೆ ಕೈಸರ್ ಕಂಪನಿಯ ಉಕ್ಕಿನ ಕಾರ್ಖಾನೆ ಇದ್ದ ನೆಲ. ಎರಡು ಮೈಲಿಯ ಟ್ರ್ಯಾಕು, ಆಚೆ ಬೋಳು ಬೆಟ್ಟಗಳು. 250 ಲ್ಯಾಪಿನ, ಅಂದರೆ 250 ಸುತ್ತಿನ ಓಟ. ನಾವು ಕೂತ ಕಡೆಯಿಂದ ಆಚೆ ಬದಿಯ ನೇರ ದಾರಿ ತುಂಬ ದೂರ. ಕಾರುಗಳು ಬಣ್ಣದ ಗೆರೆಗಳ ಹಾಗೆ ಕಾಣುತ್ತಿದ್ದವು.

ಹತ್ತು ಲ್ಯಾಪೂ ತುಂಬಿರಲಿಲ್ಲ. ಎರಡನೇ ತಿರುವಿನ ಆಚೆ ದೂಳೆದ್ದಿತು. ಸ್ವಲ್ಪ ಮೊದಲು ಅದೇ ಜಾಗದಲ್ಲಿ ರಿಚೀ ಹರ್ನ್ ಎಂಬವನ ಕಾರು ಜಾರಿ ಹೋಗಿ, ಅವನು ಪಾರಾಗಿದ್ದ. ಮತ್ತೆ ಅದೇ ಜಾಗ, ಮತ್ತೆ ದೂಳು. ಈ ಸಲ ಗ್ರೆಗ್ ಮೂರ್.

ಗ್ರೆಗ್ ಮೂರ್ ಕೆನಡಾದ ಮೇಪಲ್ ರಿಡ್ಜ್ ಎಂಬ ಊರಿನವನು. 24 ವರ್ಷ. 1995ರಲ್ಲಿ ಕೆಳಗಿನ ದರ್ಜೆಯ ಇಂಡಿ ಲೈಟ್ಸ್‌ನ 12 ರೇಸುಗಳಲ್ಲಿ 10 ಗೆದ್ದು ಮೇಲೆ ಬಂದವನು. ಕೆಂಪು ಕೈಗವಸು, 99 ನಂಬರಿನ ನೀಲಿ ಕಾರು. ಓವಲ್‌ನಲ್ಲಿ ಹಿಂದಿನಿಂದ ಬಂದು, ಹೊರಗಿನ ಗೆರೆ ಹಿಡಿದು, ಬೇರೆಯವರು ಕಾಲು ಸಡಿಲಿಸುವ ಕಡೆ ಇವನು ಒತ್ತಿ ಮುಂದೆ ಹೋಗುವುದನ್ನು ನೋಡಿದರೆ ಉಸಿರು ಕಟ್ಟುತ್ತಿತ್ತು. ಮುಂದಿನ ವರ್ಷಕ್ಕೆ ರೋಜರ್ ಪೆನ್ಸ್ಕೆಯ ತಂಡಕ್ಕೆ ಸಹಿಯೂ ಹಾಕಿಯಾಗಿತ್ತು. ಫ್ರಾಂಕಿಟ್ಟಿ, ಮ್ಯಾಕ್ಸ್ ಪಾಪಿಸ್, ಟೋನಿ ಕನಾನ್, ಇವನು, ಈ ನಾಲ್ವರದು ಬಿಡಿಸಲಾಗದ ಸ್ನೇಹ.

ರೇಸಿನ ಹಿಂದಿನ ದಿನ, ತಂಡಗಳು ಬೀಡು ಬಿಡುವ ಪ್ಯಾಡಕ್ಕಿನಲ್ಲಿ ಸ್ಕೂಟರ್ ಮೇಲೆ ಹೋಗುತ್ತಿದ್ದಾಗ ಒಂದು ವಾಹನ ಗುದ್ದಿ ಅವನ ಬಲಗೈಗೆ ಪೆಟ್ಟಾಯಿತು, ಬೆರಳು ಮುರಿಯಿತು. ಅರ್ಹತಾ ಸುತ್ತು ತಪ್ಪಿಹೋಯಿತು. ಬದಲಿ ಚಾಲಕನಾಗಿ ರೊಬೆರ್ಟೊ ಮೊರೆನೊನನ್ನು ಕರೆಸಿಟ್ಟುಕೊಂಡರು. ಕೈಗೆ ಪಟ್ಟಿ ಕಟ್ಟಿಕೊಂಡು ಕಾರು ಓಡಿಸಿ ತೋರಿಸಿದ ಮೇಲೆ ವೈದ್ಯರು ಅನುಮತಿ ಕೊಟ್ಟರು. ಎಲ್ಲರಿಗಿಂತ ಹಿಂದಿನ ಸಾಲಿನಿಂದ ಹೊರಟ. ಆ ಅನುಮತಿಯ ಬಗ್ಗೆ ತುಂಬ ವರ್ಷ ನನಗೆ ಸಿಟ್ಟಿತ್ತು. ಈಗ ಇಲ್ಲ. ಕೈಯ ಪೆಟ್ಟಿನಿಂದಲೇ ಕಾರು ಜಾರಿತು ಅಂತ ಯಾರೂ ತೋರಿಸಿಕೊಟ್ಟಿಲ್ಲ. ಎರಡು ಕೈಯೂ ಗಟ್ಟಿಯಿದ್ದ ಹರ್ನ್ ಕೂಡ ಅಲ್ಲೇ ಜಾರಿದ್ದ. ಸಾವಿಗೆ ಕಾರಣ ಹುಡುಕುವಾಗ ನಾವು ಸತ್ತವನ ಹಟವನ್ನೇ ಮೊದಲು ಹಿಡಿದುಕೊಳ್ಳುತ್ತೇವೆ, ಅದು ಸುಲಭ. ನಾನೂ ಅದನ್ನೇ ಮಾಡಿದ್ದೆ.

ಟ್ರ್ಯಾಕಿಗೂ ಒಳಗಿನ ಕಾಂಕ್ರೀಟ್ ಗೋಡೆಗೂ ನಡುವೆ ಇದ್ದದ್ದು ಹುಲ್ಲು. ದೂರದಿಂದ ಹಸಿರಾಗಿ, ಮೆತ್ತಗೆ ಕಾಣುತ್ತದೆ. ಆದರೆ ಅಡ್ಡಡ್ಡ ಜಾರುವ ಕಾರಿಗೆ ಹುಲ್ಲು ಮಂಜುಗಡ್ಡೆ ಇದ್ದ ಹಾಗೆ. ಟಾರಿನ ಮೇಲಾದರೆ ಟೈರು ಉಜ್ಜಿ ಉಜ್ಜಿ ವೇಗ ಕಳೆಯುತ್ತದೆ, ಬ್ರೇಕಿಗೆ ಒಂದಿಷ್ಟು ಅರ್ಥವಿರುತ್ತದೆ. ಹುಲ್ಲಿನ ಮೇಲೆ ಇದ್ದ ವೇಗ ಇದ್ದ ಹಾಗೇ ಉಳಿಯುತ್ತದೆ, ಸ್ವಲ್ಪ ಉಬ್ಬು ತಗ್ಗು ಸಿಕ್ಕರೆ ಕಾರಿನ ಅಂಚು ನೆಲಕ್ಕೆ ಕಚ್ಚಿ ಮಗುಚುತ್ತದೆ. ಮೂರ್‌ನ ಕಾರು ಮಗುಚಿ, ಅವನು ಕೂತ ಭಾಗವೇ ಮೊದಲು ಗೋಡೆಗೆ ಬಡಿಯಿತು. ಇದಕ್ಕಿಂತ ಹೆಚ್ಚು ನಾನು ಬರೆಯಲಾರೆ.

ಓಟ ನಿಲ್ಲಲಿಲ್ಲ. ಗುಜರಿ ಎತ್ತಿ, ನಿಧಾನಕ್ಕೆ ಹೋಗಿ ಅನ್ನುವ ಹಳದಿ ಬಾವುಟ ಇಳಿಸಿ ಮತ್ತೆ ಬಿಟ್ಟರು. ಒಂದಷ್ಟು ಹೊತ್ತಿನ ಮೇಲೆ ನನ್ನ ಪಕ್ಕದಲ್ಲಿದ್ದ ವಯಸ್ಸಾದ ಅಮೆರಿಕನ್ ಹೆಂಗಸು ನನ್ನ ತೋಳು ಮುಟ್ಟಿ ಕಂಬದ ಕಡೆ ತೋರಿಸಿದರು. ಬಾವುಟ ಅರ್ಧಕ್ಕೆ ಇಳಿದಿತ್ತು. ಇಡೀ ಸ್ಟ್ಯಾಂಡಿನಲ್ಲಿ ಒಬ್ಬರಿಂದ ಒಬ್ಬರಿಗೆ ಆ ಕೈಸನ್ನೆ ದಾಟಿತು. ಎಂಜಿನ್ನುಗಳ ಸದ್ದಿನಲ್ಲಿ ಯಾರ ಮಾತೂ ಕೇಳುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕೆಳಗೆ ಫ್ರಾಂಕಿಟ್ಟಿ ಇನ್ನೂ ಪಟ್ಟಕ್ಕಾಗಿ ಓಡಿಸುತ್ತಿದ್ದ. ತನ್ನ ಜೀವದ ಗೆಳೆಯ ಇಲ್ಲ ಅನ್ನುವುದು ನಮಗೆ, ಟಿಕೆಟ್ ಕೊಂಡು ಕೂತ ಸಾವಿರಾರು ಅಪರಿಚಿತರಿಗೆ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ. ಪಾಪಿಸ್ ಎರಡನೆಯವನಾಗಿ ಬಂದ, ಗೆದ್ದವನು ಮೆಕ್ಸಿಕೋದ ಅಡ್ರಿಯನ್ ಫರ್ನಾಂಡೆಸ್. ಕಾರಿನಿಂದ ಇಳಿದ ಮೇಲೆ ಅವರಿಗೆ ವಿಷಯ ತಿಳಿಯಿತು.

ಆ ಸಂಜೆ ಮನೆಗೆ ಬಂದಾಗ ಬೀದಿಯಲ್ಲಿ ಹ್ಯಾಲೊವೀನ್. ದೆವ್ವದ ಮುಖವಾಡ ಹಾಕಿದ ಪುಟಾಣಿಗಳು ಬಾಗಿಲು ತಟ್ಟಿ ಚಾಕಲೇಟ್ ಕೇಳುತ್ತಿದ್ದವು. ನಾನು ಏನೂ ತಂದಿರಲಿಲ್ಲ. ದೀಪ ಆರಿಸಿ ಕೂತೆ.

ಅದಕ್ಕೆ ಸರಿಯಾಗಿ ಐವತ್ತು ದಿನ ಮೊದಲು, ಸೆಪ್ಟೆಂಬರ್ 11ರಂದು, ಲಗೂನಾ ಸೆಕಾ ಎಂಬ ಟ್ರ್ಯಾಕಿನಲ್ಲಿ ಗೊಂಝಾಲೊ ರೊಡ್ರಿಗೆಝ್ ಸತ್ತಿದ್ದ. ಉರುಗ್ವೆಯವನು, ಪೆನ್ಸ್ಕೆ ತಂಡದಲ್ಲಿ ಎರಡನೇ ವಾರಾಂತ್ಯ ಅಷ್ಟೇ. ಕಾರ್ಕ್‌ಸ್ಕ್ರೂ ಎಂಬ, ಗುಡ್ಡದಿಂದ ಕೆಳಗೆ ಧುಮುಕುವ ತಿರುವಿನಲ್ಲಿ ಅಭ್ಯಾಸದ ವೇಳೆ ನೇರ ಹೋಗಿ ತಡೆಗೋಡೆಗೆ ಬಡಿದ. ಮೈಯನ್ನು ಬೆಲ್ಟು ಹಿಡಿದಿಟ್ಟುಕೊಳ್ಳುತ್ತದೆ, ಹೆಲ್ಮೆಟ್ಟಿನ ಭಾರದ ಜೊತೆ ತಲೆ ಮಾತ್ರ ಮುಂದಕ್ಕೆ ಹಾರುತ್ತದೆ, ಬುರುಡೆಯ ಬುಡ ಮುರಿಯುತ್ತದೆ. ಅವನು ಸತ್ತದ್ದು ಹಾಗೆ. ಇದನ್ನು ತಡೆಯುವ ಸಾಧನವನ್ನು ರಾಬರ್ಟ್ ಹಬ್ಬರ್ಡ್ ಎಂಬ ಪ್ರೊಫೆಸರರೂ ಜಿಮ್ ಡೌನಿಂಗ್ ಎಂಬ ರೇಸರರೂ ಸೇರಿ 1980ರ ದಶಕದಲ್ಲೇ ಮಾಡಿಟ್ಟಿದ್ದರು. ಹ್ಯಾನ್ಸ್ ಅಂತ ಅದರ ಹೆಸರು. ಭುಜದ ಮೇಲೆ ಕೂರುವ ಒಂದು ಪಟ್ಟಿ, ಅದರಿಂದ ಹೆಲ್ಮೆಟ್ಟಿಗೆ ಎರಡು ಕಟ್ಟು, ಅಷ್ಟೇ. ಕಾರ್ಟ್‌ನವರು ಓವಲ್‌ಗಳಲ್ಲಿ ಅದನ್ನು ಕಡ್ಡಾಯ ಮಾಡಿದ್ದು 2001ರಲ್ಲಿ.

ನಾನು ಹೇಳಬೇಕಿದ್ದದ್ದು ಇದೇ. ಆ ಸೀಸನ್ನಿನ ಎರಡೂ ಸಾವಿಗೆ ಮದ್ದು ಮೊದಲೇ ಗೊತ್ತಿತ್ತು. ಒಂದು ಕತ್ತಿನ ಪಟ್ಟಿ, ಒಂದು ಟಾರಿನ ಹಾಸು. ಫಾಂಟಾನಾದ ಆ ಹುಲ್ಲು ತೆಗೆದು ಟಾರು ಹಾಕಿದರು, ಮೂರ್ ಸತ್ತ ಮೇಲೆ. ಅದಕ್ಕೂ ಹಿಂದಿನ ವರ್ಷ, 1998ರ ಜುಲೈನಲ್ಲಿ, ಮಿಶಿಗನ್‌ನಲ್ಲಿ ಅಪಘಾತವಾದ ಕಾರಿನ ಚಕ್ರ ಕಿತ್ತು ಜಾಲರಿ ಹಾರಿ ಜನರ ನಡುವೆ ಬಿದ್ದು ಮೂವರು ಪ್ರೇಕ್ಷಕರು ಸತ್ತರು. ಚಕ್ರವನ್ನು ಕಾರಿಗೆ ಹಗ್ಗದಿಂದ ಬಿಗಿಯುವ ನಿಯಮ ಬಂದದ್ದು ಆಮೇಲೆ. ಆ ರೇಸನ್ನೂ ಗೆದ್ದವನು ಗ್ರೆಗ್ ಮೂರ್ ಅನ್ನುವುದು ನೆನಪಾದಾಗ ನನಗೆ ಹೊಟ್ಟೆಯಲ್ಲಿ ಹೇಗೋ ಆಗುತ್ತದೆ.

"ಅವರು ಅಪಾಯ ಗೊತ್ತಿದ್ದೇ ಕಾರು ಹತ್ತುತ್ತಾರೆ" ಅನ್ನುವ ಮಾತು ಇದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಅವರು ಒಪ್ಪಿಕೊಂಡದ್ದು ವೇಗದ ಅಪಾಯವನ್ನು, ಪಕ್ಕದ ಕಾರಿನ ಅಪಾಯವನ್ನು, ತಮ್ಮ ಕೈತಪ್ಪಿನ ಅಪಾಯವನ್ನು. ಟಾರು ಹಾಕದ ನೆಲದ ಅಪಾಯವನ್ನು ಅವರ ಲೆಕ್ಕಕ್ಕೆ ಬರೆಯಬಾರದು. ಅದು ಟ್ರ್ಯಾಕಿನವರ ಲೆಕ್ಕ. ಮುಂದಿನ ವರ್ಷ ಅದೇ ಫಾಂಟಾನಾದಲ್ಲಿ ಜಿಲ್ ಡಿ ಫೆರಾನ್ ಗಂಟೆಗೆ 241.428 ಮೈಲಿ, ಅಂದರೆ 388 ಕಿ.ಮೀ. ಮೀರಿದ ವೇಗದಲ್ಲಿ ಲ್ಯಾಪ್ ಹೊಡೆದು ದಾಖಲೆ ಮಾಡಿದ. ಟಾರು ಹಾಕಿದ್ದರಿಂದ ವೇಗ ಕಮ್ಮಿಯಾಗಲಿಲ್ಲ, ಆಟ ಕೆಡಲಿಲ್ಲ. ಹಾಗಾದರೆ ಮೊದಲೇ ಹಾಕಲು ಏನಡ್ಡಿ ಇತ್ತು?

ಫ್ರಾಂಕಿಟ್ಟಿಗೆ ಆಮೇಲೆ ನಾಲ್ಕು ಚಾಂಪಿಯನ್‌ಶಿಪ್ ಬಂದವು, ಮೂರು ಇಂಡಿ 500 ಬಂದವು. ನಾಲ್ಕನೇ ಪಟ್ಟ 2011ರ ಅಕ್ಟೋಬರ್ 16, ಲಾಸ್ ವೇಗಸ್‌ನಲ್ಲಿ. ಅವತ್ತು 15 ಕಾರುಗಳ ಅಪಘಾತದಲ್ಲಿ ಡ್ಯಾನ್ ವೆಲ್ಡನ್ ಸತ್ತ, ಅವನೂ ಫ್ರಾಂಕಿಟ್ಟಿಯ ಗೆಳೆಯ. ಈ ಸಲ ಓಟ ನಿಲ್ಲಿಸಿದರು, ಚಾಲಕರನ್ನೆಲ್ಲ ಕರೆದು ಹೇಳಿದರು. ಉಳಿದ ಕಾರುಗಳು ಮೂರು ಮೂರರ ಸಾಲಿನಲ್ಲಿ ಐದು ಸುತ್ತು ನಿಧಾನಕ್ಕೆ ಹೋಗಿ ನಮಿಸಿದವು. ಫ್ರಾಂಕಿಟ್ಟಿ ಕಾರೊಳಗೆ ಕೂತು ಅಳುತ್ತಿದ್ದದ್ದನ್ನು ಟಿವಿಯಲ್ಲಿ ನೋಡಿದೆ. ಹನ್ನೆರಡು ವರ್ಷ ಹಿಂದೆ ಅವನಿಗೆ ಹೀಗೆ ಅಳುವ ಅವಕಾಶವನ್ನೂ ಹೊತ್ತಿಗೆ ಸರಿಯಾಗಿ ಕೊಟ್ಟಿರಲಿಲ್ಲ.

ಮೂರ್‌ಗಾಗಿ ಇಟ್ಟಿದ್ದ ಪೆನ್ಸ್ಕೆ ಸೀಟು ಹೆಲಿಯೊ ಕ್ಯಾಸ್ಟ್ರೊನೆವೆಸ್‌ಗೆ ಹೋಯಿತು. ಅವನ ಹಳೇ ತಂಡ ಮುಚ್ಚಿಹೋಗುತ್ತಿತ್ತು, ಮುಂದಿನ ವರ್ಷಕ್ಕೆ ಕೆಲಸವಿರಲಿಲ್ಲ. ಅವನು ನಾಲ್ಕು ಸಲ ಇಂಡಿ 500 ಗೆದ್ದ. ಗೆದ್ದಾಗಲೆಲ್ಲ ಜಾಲರಿ ಹತ್ತಿ ಕುಣಿಯುತ್ತಾನೆ, ನನಗೂ ಅವನು ತುಂಬ ಇಷ್ಟ. ಅವನು ಹತ್ತುವಾಗ ಮಾತ್ರ ಪ್ರತಿ ಸಲವೂ ನನ್ನ ಕಣ್ಣು ಅವನ ಕೈಗವಸಿನ ಬಣ್ಣ ನೋಡುತ್ತದೆ.

ಉರುಗ್ವೆಯಲ್ಲಿ ರೊಡ್ರಿಗೆಝ್ ಹೆಸರಿನ ಒಂದು ಪ್ರತಿಷ್ಠಾನವಿದೆ. ಕಾರುಗಳಲ್ಲಿ ಮಕ್ಕಳನ್ನು ಸರಿಯಾದ ಸೀಟಿನಲ್ಲಿ ಬೆಲ್ಟು ಹಾಕಿ ಕೂರಿಸಿ ಅಂತ ಆ ಖಂಡದಲ್ಲೆಲ್ಲ ಕೆಲಸ ಮಾಡುತ್ತದೆ. ಬೈಕಿನ ಟ್ಯಾಂಕಿನ ಮೇಲೆ ಮಗುವನ್ನು ಕೂರಿಸಿಕೊಂಡು ಹೋಗುವ ನಮ್ಮೂರಿನ ಅಪ್ಪಂದಿರನ್ನು ನೋಡಿದಾಗ ನನಗೆ ಆ ಹುಡುಗನ ಮುಖ ನೆನಪಾಗುತ್ತದೆ.

ಭಾವಮೈದನಿಗೆ ನಿನ್ನೆ ಫೋನಿನಲ್ಲಿ ಇದಿಷ್ಟೂ ಹೇಳಿದೆ. ನಾನು ಅಲ್ಲಿದ್ದೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಭಾವ, ಆ ಜಾಗ ಈಗ ಹೇಗಿದೆ?" ಅಂದ. ಟ್ರ್ಯಾಕೇ ಇಲ್ಲ ಕಣೋ, 2023ರ ಫೆಬ್ರವರಿಯಲ್ಲಿ ಕೊನೆಯ ರೇಸು ನಡೆಸಿ ಒಡೆದುಹಾಕಿದರು ಅಂದೆ. ಹಳೇ ರೇಸುಗಳು ಯೂಟ್ಯೂಬಿನಲ್ಲಿವೆ, ಆ ಸೀಸನ್ನನ್ನು ಇಬ್ಬರೂ ಕೂತು ಮೊದಲಿನಿಂದ ನೋಡೋಣ ಅಂತ ಅವನೇ ಹೇಳಿದ. ಭಾನುವಾರ ಬರುತ್ತಾನೆ. ಮೊದಲನೆಯದು ಮಾರ್ಚ್ 21ರ ರೇಸು, ಮಯಾಮಿಯ ಹತ್ತಿರದ ಹೋಮ್‌ಸ್ಟೆಡ್. ಅದರಲ್ಲಿ ಎಲ್ಲರಿಗಿಂತ ಮುಂದಿನ ಜಾಗದಿಂದ ಹೊರಟು ಗೆದ್ದವನು ಗ್ರೆಗ್ ಮೂರ್.