ರಾಜಕುಮಾರಿ ಮತ್ತು ಅವಳಪ್ಪ

ರಾಜಕುಮಾರಿ ಮತ್ತು ಅವಳಪ್ಪ, ಇಬ್ಬರೂ ಸೇರಿ ಒಂದು ಪಾತ್ರ. ಮೊದಲ ವರ್ಷದ ನೋಟ್ಸಿನಲ್ಲಿ ಇದನ್ನು ಬರೆದುಕೊಂಡಾಗ ನನಗೇನೂ ಅನಿಸಿರಲಿಲ್ಲ. ಬಾಯಿಪಾಠ ಮಾಡಿದೆ, ಪರೀಕ್ಷೆಯಲ್ಲಿ ಬರೆದೆ, ಮಾರ್ಕ್ಸೂ ಬಂತು. ಅದು ಎಂಥ ವಿಚಿತ್ರ ಮಾತು ಅಂತ ಹೊಳೆದದ್ದು ಎರಡು ವರ್ಷ ಆದ ಮೇಲೆ, ನಾವೇ ಮಾಡಿದ ಸಿನಿಮಾ ನೋಡಿ ನಾನು ನಾಚಿಕೆಪಟ್ಟ ದಿನ.

ಮೀಡಿಯಾ ಓದದವರಿಗೆ ಸ್ವಲ್ಪ ಹಿನ್ನೆಲೆ ಹೇಳಿಬಿಡ್ತೀನಿ. ವ್ಲಾದಿಮಿರ್ ಪ್ರಾಪ್ ಅಂತ ರಷ್ಯಾದ ಒಬ್ಬ ವಿದ್ವಾಂಸ. ನೂರು ಮಾಂತ್ರಿಕ ಜಾನಪದ ಕಥೆಗಳನ್ನು ಮುಂದಿಟ್ಟುಕೊಂಡು, ಮೇಲಿನ ಬಣ್ಣ ಬೆಡಗನ್ನೆಲ್ಲ ಕೆರೆದು, ಒಳಗಿನ ಎಲುಬಿನ ಗೂಡನ್ನು ನೋಡಿದ. 1928ರಲ್ಲಿ ಅದು ಪುಸ್ತಕವಾಯಿತು. ಈ ಕಥೆಗಳಲ್ಲಿ ನಡೆಯುವ ಕೆಲಸಗಳೆಲ್ಲ 31ರೊಳಗೇ ಬರುತ್ತವೆ ಅಂದ. ಮನೆಯಿಂದ ಯಾರೋ ಹೊರಡುವುದು ಮೊದಲನೆಯದು, ಮದುವೆ ಕೊನೆಯದು. ಆ ಕೆಲಸಗಳನ್ನು ಮಾಡುವವರು 7 ಬಗೆ. ನಾಯಕ, ಖಳ, ಸಹಾಯಕ, ಮಂತ್ರದ ವಸ್ತು ಕೊಡುವವನು, ನಾಯಕನನ್ನು ಕಳಿಸಿಕೊಡುವವನು, ಸುಳ್ಳು ನಾಯಕ. ಆರಾಯ್ತಲ್ಲ? ಏಳನೆಯದೇ ರಾಜಕುಮಾರಿ ಮತ್ತು ಅವಳಪ್ಪ.

ಪ್ರಾಪ್‌ನನ್ನು ಬೈಯುವುದು ಸುಲಭ. ನಾನು ಬೈಯಲ್ಲ. ಅವನು ಕಂಡದ್ದನ್ನು ಬರೆದ, ಅಷ್ಟೇ. ಆ ಕಥೆಗಳಲ್ಲಿ ನಾಯಕನಿಗೆ ಕಷ್ಟದ ಪರೀಕ್ಷೆ ಒಡ್ಡುವುದು ಒಮ್ಮೆ ಮಗಳು, ಒಮ್ಮೆ ಅಪ್ಪ. ಯಾರ ಪಾಲಿಗೆ ಯಾವ ಕೆಲಸ ಅಂತ ಬಿಡಿಸಿ ಹೇಳೋಕಾಗದೆ ಇಬ್ಬರನ್ನೂ ಒಂದೇ ಮಣೆ ಮೇಲೆ ಕೂರಿಸಿದ. ಒಬ್ಬರು ಯಾರು ಅನ್ನುವುದಕ್ಕಿಂತ ಕಥೆ ಅವರಿಂದ ಏನು ಕೆಲಸ ತಗೊಳ್ಳುತ್ತೆ ಅನ್ನುವುದು ಅವನಿಗೆ ಮುಖ್ಯವಾಗಿತ್ತು.

ನಮ್ಮ ಸಿಲಬಸ್‌ನಲ್ಲಿ ನರೇಟಿವ್ ಒಂದು ಯೂನಿಟ್, ರೆಪ್ರೆಸೆಂಟೇಶನ್ ಇನ್ನೊಂದು ಯೂನಿಟ್. ಮೊದಲನೆಯದರಲ್ಲಿ ಪ್ರಾಪ್, ತೊದೊರೊವ್, ಬಾರ್ತ್, ಕಥೆಯ ಕಟ್ಟಡದ ಬಗ್ಗೆ ಬರೆದವರು. ಎರಡನೆಯದರಲ್ಲಿ ಸ್ಟುವರ್ಟ್ ಹಾಲ್, ಲಾರಾ ಮಲ್ವಿ, ಬೆಲ್ ಹುಕ್ಸ್, ಮಾಧ್ಯಮ ಮತ್ತು ಸಂಸ್ಕೃತಿಯ ವಿಮರ್ಶಕರು. ಒಂದು ಸೆಮಿಸ್ಟರ್ ಕಥೆ ಹೇಗೆ ಕಟ್ಟುತ್ತಾರೆ ಅಂತ ಓದಿ, ಮುಗಿಸಿ, ಪುಸ್ತಕ ಮುಚ್ಚಿ, ಇನ್ನೊಂದು ಸೆಮಿಸ್ಟರ್ ಕಥೆಯಲ್ಲಿ ಯಾರನ್ನು ಹೇಗೆ ತೋರಿಸುತ್ತಾರೆ ಅಂತ ಓದಿದೆವು. ನನ್ನ ತಕರಾರು ಇಲ್ಲೇ ಇರೋದು. ಇವೆರಡೂ ಒಂದೇ ಪಾಠ. ಒಬ್ಬ ಮನುಷ್ಯ ತೆರೆ ಮೇಲೆ ಹೇಗೆ ಕಾಣುತ್ತಾನೆ ಅನ್ನುವುದು, ಕಥೆ ಅವನಿಗೆ ಕೊಟ್ಟ ಕೆಲಸದಲ್ಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತೆ.

ಇದು ನನಗೆ ಗೊತ್ತಾಗಿದ್ದು ಎಡಿಟಿಂಗ್ ಟೇಬಲ್ ಮುಂದೆ.

ನಾಲ್ಕು ಜನ ಸೇರಿ ಎಂಟು ನಿಮಿಷದ ಕಿರುಚಿತ್ರ ಮಾಡಿದ್ದೆವು. ಅಪ್ಪ ತೀರಿಹೋಗಿದ್ದಾನೆ. ದೂರದಲ್ಲಿದ್ದ ಮಗ ಮನೆ ಖಾಲಿ ಮಾಡಿಸೋಕೆ ಬರುತ್ತಾನೆ. ಅಕ್ಕ ಅದೇ ಮನೆಯಲ್ಲಿ ಇದ್ದಾಳೆ. ಅವಳು ಅಪ್ಪನ ಕೋಣೆಯ ಬೀಗದ ಕೈ ಕೊಡುತ್ತಾಳೆ, ಅವನು ಬೀಗ ತೆಗೆಯುತ್ತಾನೆ, ಹಳೆಯ ಡೈರಿ ಸಿಗುತ್ತೆ, ಅವನ ಕಣ್ಣು ತುಂಬುತ್ತೆ. ಬರೆದವನು ನಾನೇ. ಅಕ್ಕನದು ಗಟ್ಟಿ ಪಾತ್ರ ಅಂತ ಎಲ್ಲರ ಹತ್ತಿರ ಹೇಳಿಕೊಂಡು ಓಡಾಡಿದ್ದೆ. ಅವಳಿಗೆ ತಮ್ಮನಿಗಿಂತ ಜಾಸ್ತಿ ಮಾತಿತ್ತು. ಬೆಕ್ಡೆಲ್ ಟೆಸ್ಟ್ ಕೂಡ ಪಾಸ್! 1985ರಲ್ಲಿ ಆಲಿಸನ್ ಬೆಕ್ಡೆಲ್ ತನ್ನ ಕಾಮಿಕ್ಸ್‌ನಲ್ಲಿ ಬರೆದ ತಮಾಷೆ ಅದು. ಸಿನಿಮಾದಲ್ಲಿ ಇಬ್ಬರು ಹೆಂಗಸರಿರಬೇಕು, ಪರಸ್ಪರ ಮಾತಾಡಬೇಕು, ಆ ಮಾತು ಗಂಡಸಿನ ಬಗ್ಗೆ ಅಲ್ಲದ್ದಾಗಿರಬೇಕು. ನಮ್ಮಲ್ಲಿ ಅಕ್ಕನೂ ಪಕ್ಕದ ಮನೆಯಾಕೆಯೂ ಸೋರುವ ಮಾಡಿನ ಬಗ್ಗೆ ಅರ್ಧ ನಿಮಿಷ ಮಾತಾಡುತ್ತಾರೆ. ಸಾಕಲ್ವಾ, ಪಾಸ್. (ತಮಾಷೆಯನ್ನು ಅಳತೆಗೋಲು ಮಾಡಿಕೊಂಡರೆ ನನ್ನಂಥವರೂ ಪಾಸಾಗಿಬಿಡ್ತಾರೆ.)

ಎಡಿಟ್ ಮಾಡಿದ ಮೊದಲ ರೂಪವನ್ನು ಕ್ಲಾಸಿನಲ್ಲಿ ತೋರಿಸಿದೆವು. ಎಲ್ಲರೂ ಚಪ್ಪಾಳೆ ಹೊಡೆದರು. ಹಿಂದಿನ ಬೆಂಚಿನ ಒಬ್ಬಳು ಮಾತ್ರ ಕೇಳಿದಳು: "ಅವನು ಬರೋ ತನಕ ಆ ರೂಮು ಯಾಕೆ ಮುಚ್ಚಿತ್ತು? ಬೀಗದ ಕೈ ಇವಳ ಹತ್ರಾನೇ ಇತ್ತಲ್ಲ. ಇಷ್ಟು ದಿನ ಒಂದ್ಸಲಾನೂ ತೆಗೆದು ನೋಡ್ಲಿಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆ ನನ್ನ ತಲೆಗೇ ಬಂದಿರಲಿಲ್ಲ. ನನಗೆ ಅಕ್ಕ ಬೇಕಾಗಿದ್ದು ಬೀಗದ ಕೈ ಕೊಡೋಕೆ. ಪ್ರಾಪ್‌ನ ಲೆಕ್ಕದಲ್ಲಿ ಅವಳು ಮಂತ್ರದ ವಸ್ತು ಕೊಡುವವಳು. ಕೊಟ್ಟಳು, ಕೆಲಸ ಮುಗಿಯಿತು, ಬದಿಗೆ ಸರಿದಳು. ನಾನು ಎಷ್ಟೇ ಡೈಲಾಗ್ ತುಂಬಿದ್ದರೂ ಅವಳ ಪಾತ್ರ ಅಷ್ಟೇ.

ಸ್ಟುವರ್ಟ್ ಹಾಲ್ 1973ರಲ್ಲಿ ಹೇಳಿದ್ದು ಆ ಬೆಂಚಿನಲ್ಲಿ ಕೂತಿತ್ತು. ಮಾಡುವವರು ಒಂದು ಅರ್ಥ ತುಂಬಿ ಕಳಿಸುತ್ತಾರೆ, ನೋಡುವವರು ಅದನ್ನು ಹಾಗೇ ತೆಗೆದುಕೊಳ್ಳಬಹುದು, ಸ್ವಲ್ಪ ಒಪ್ಪಿ ಸ್ವಲ್ಪ ಬಿಡಬಹುದು, ಇಲ್ಲವೇ ಪೂರ್ತಿ ಎದುರು ನಿಂತು ಓದಬಹುದು. ಮೂರು ಬಗೆಯನ್ನೂ ಉದಾಹರಣೆ ಸಹಿತ ಬರೆದು ಹತ್ತಕ್ಕೆ ಎಂಟು ತಗೊಂಡಿದ್ದೆ. ಆದರೆ ಎದುರು ನಿಂತು ಓದುವವಳು ನನ್ನದೇ ಸಿನಿಮಾ ಮುಂದೆ ಕೂತಿರ್ತಾಳೆ ಅಂತ ಯೋಚಿಸಿರಲಿಲ್ಲ.

ಮನೆಗೆ ಹೋಗಿ ಶಾಟ್ ಎಣಿಸಿದೆ. ತಮ್ಮ ನೋಡುತ್ತಾನೆ, ಮುಂದಿನ ಶಾಟ್‌ನಲ್ಲಿ ಅವನು ನೋಡಿದ್ದು ನಮಗೂ ಕಾಣುತ್ತೆ. ಇಂಥವು 9 ಇದ್ದವು. ಅಕ್ಕ ನೋಡಿದ್ದು ಕಾಣುವ ಶಾಟ್ ಎಷ್ಟು? ಒಂದೂ ಇಲ್ಲ.

ಇದು ಚಿಕ್ಕ ವಿಷಯ ಅನಿಸಬಹುದು. ಅಲ್ಲ. ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಮಾಡಿದ ಪ್ರಯೋಗ ಮೀಡಿಯಾ ಓದಿದವರಿಗೆಲ್ಲ ಗೊತ್ತು. ನಟ ಮೊಜ್ಜುಖಿನ್‌ನ ಭಾವವಿಲ್ಲದ ಅದೇ ಮುಖ. ಅದರ ಪಕ್ಕ ಸೂಪಿನ ಬಟ್ಟಲು ಜೋಡಿಸಿದರೆ ಹಸಿವು ಕಾಣುತ್ತೆ, ಶವಪೆಟ್ಟಿಗೆ ಜೋಡಿಸಿದರೆ ದುಃಖ ಕಾಣುತ್ತೆ. ಮುಖ ಬದಲಾಗಿಲ್ಲ. ಮನಸ್ಸನ್ನು ಕೊಟ್ಟಿದ್ದು ಪಕ್ಕದ ಶಾಟ್. ಇದನ್ನು ನಮಗೆ ಎಡಿಟಿಂಗಿನ ಜಾದೂ ಅಂತ ಕಲಿಸುತ್ತಾರೆ. ಅದನ್ನೇ ತಿರುಗಿಸಿ ನೋಡಿ. ಆ ಪಕ್ಕದ ಶಾಟ್ ಯಾರಿಗೆ ಸಿಗುವುದೇ ಇಲ್ಲವೋ, ಅವರ ಒಳಗೆ ಏನಾಗ್ತಿದೆ ಅಂತ ಊಹಿಸೋಕೆ ನೋಡುವವರಿಗೆ ದಾರಿಯೇ ಇಲ್ಲ. ಅವರು ಮಾತಾಡಬಹುದು, ಓಡಾಡಬಹುದು, ಪೋಸ್ಟರ್ ಮೇಲೂ ಇರಬಹುದು. ನಮ್ಮ ಅಕ್ಕ ಎಂಟು ನಿಮಿಷ ಹಾಗೇ ಇದ್ದಳು.

ಲಾರಾ ಮಲ್ವಿ 1975ರಲ್ಲಿ ಅಚ್ಚಾದ ತನ್ನ ಲೇಖನದಲ್ಲಿ ನೋಡುವವನು ಗಂಡು, ನೋಡಿಸಿಕೊಳ್ಳುವವಳು ಹೆಣ್ಣು ಅಂದಾಗ, ನಾವು ಹುಡುಗರು ಅದನ್ನು ಐಟಂ ಹಾಡಿಗೆ ಅನ್ವಯಿಸಿ ಸುಮ್ಮನಾಗಿದ್ದೆವು. ನಮ್ಮ ಸಿನಿಮಾದಲ್ಲಿ ಅಂಥದ್ದೇನೂ ಇರಲಿಲ್ಲ. ಅಕ್ಕ ಮೈತುಂಬ ಬಟ್ಟೆ ಹಾಕಿದ್ದಳು, ಕ್ಯಾಮೆರಾ ಮರ್ಯಾದೆಯಾಗಿತ್ತು. ಆದ್ದರಿಂದ ನಾವು ಒಳ್ಳೆಯವರು ಅಂದುಕೊಂಡೆವು. ಅದೇ ಲೇಖನದಲ್ಲಿ ಇನ್ನೊಂದು ಮಾತಿದೆ. ಹೆಣ್ಣು ತೆರೆಗೆ ಬಂದಾಗ ಕಥೆಯ ಓಟ ನಿಂತು, ನೋಡುವ ಸುಖ ಶುರುವಾಗುತ್ತೆ ಅಂತ. ಅದನ್ನು ನಾನು ಅಂಡರ್‌ಲೈನ್ ಮಾಡಿದ್ದೆ. ಅದು ನನ್ನ ಕೆಲಸಕ್ಕೆ ಬಂದಿದ್ದು ಬೇರೆ ಥರ, ಕೊನೆಗೆ ಹೇಳ್ತೀನಿ.

ತೊದೊರೊವ್‌ನ ಮಾದರಿಯೂ ಆ ರಾತ್ರಿ ನನಗೆ ಬೇರೆಯಾಗಿ ಕಂಡಿತು. ಎಲ್ಲ ಸರಿಯಿರುತ್ತೆ, ಏನೋ ಕೆಡುತ್ತೆ, ಕೆಟ್ಟಿದ್ದು ಗೊತ್ತಾಗುತ್ತೆ, ಸರಿಮಾಡೋಕೆ ಹೆಣಗುತ್ತಾರೆ, ಹೊಸದೊಂದು ಸಮಸ್ಥಿತಿ ಬರುತ್ತೆ. ಯಾವ ಸಿನಿಮಾಕ್ಕೆ ಬೇಕಾದರೂ ಹಾಕಿ ಐದು ಹಂತ ಬರೆದುಬಿಡಬಹುದು, ಕಣ್ಣುಮುಚ್ಚಿ. ಆದರೆ ಮೊದಲು ಎಲ್ಲ ಸರಿಯಿತ್ತು ಅಂದ್ರೆ ಯಾರಿಗೆ? ನಮ್ಮ ಕಥೆಯಲ್ಲಿ ಕೆಟ್ಟಿದ್ದು ಅಪ್ಪನ ಸಾವಿನಿಂದ ಅಂತ ಬರೆದಿದ್ದೆ. ಅದು ತಮ್ಮನಿಗೆ. ಅಕ್ಕನಿಗೆ ಕೆಟ್ಟಿದ್ದು ತಮ್ಮ ಗೇಟು ತೆಗೆದು ಒಳಗೆ ಬಂದ ಕ್ಷಣ, ಯಾಕಂದ್ರೆ ಅವಳಿದ್ದ ಮನೆ ಖಾಲಿಯಾಗೋದು. ಕೊನೆಗೆ ಡೈರಿ ಎದೆಗೊತ್ತಿಕೊಂಡು ಅವನು ಸಮಾಧಾನವಾಗುತ್ತಾನೆ. ಅವಳ ಸಾಮಾನು ಎಲ್ಲಿಗೆ ಹೋಯ್ತು ಅಂತ ನಾವು ತೋರಿಸಿಲ್ಲ. ನಾವೂ ಯೋಚಿಸಿರಲಿಲ್ಲ.

ಥಿಯರಿ ಓದಿದರೆ ಸಿನಿಮಾ ನೋಡುವ ಖುಷಿ ಹೋಗುತ್ತೆ ಅಂತ ಸ್ನೇಹಿತರು ರೇಗಿಸುತ್ತಾರೆ. ಹೋಗುತ್ತೆ, ಸುಳ್ಳು ಹೇಳಲ್ಲ. ಸುಮಾರು ಆರು ತಿಂಗಳು ನಾನು ಯಾವ ಸಿನಿಮಾದಲ್ಲೂ ಮುಳುಗಲಿಲ್ಲ, ದಂಡೆ ಮೇಲೆ ಕೂತು ಹೆಸರಿಡುತ್ತಿದ್ದೆ. ಇವನು ಸಹಾಯಕ, ಇದು ದ್ವಂದ್ವ (ಎರಡು ಎದುರುಬದುರು ಸಂಗತಿ), ಇದು ಒಗಟಿನ ಸಂಕೇತ (ಮುಂದೇನು ಅಂತ ಕಾಯಿಸುವ ಪ್ರಶ್ನೆ). ಬೋರು ಹೊಡೆಸುವ ಕಾಲ ಅದು, ಜೊತೆಯಲ್ಲಿದ್ದವರಿಗೆ ಇನ್ನೂ ಜಾಸ್ತಿ. ಈಗ ಹೆಸರಿಡುವ ಚಟ ಕಮ್ಮಿಯಾಗಿದೆ. ಯಾರು ನೋಡಿದ್ದನ್ನು ತೋರಿಸೋಕೆ ಕಟ್ ಕಾಯ್ತಾ ಇದೆ ಅಂತ ಮಾತ್ರ ನೋಡ್ತೀನಿ. ಅದರಲ್ಲಿ ಬೇರೆಯೇ ಮಜಾ ಇದೆ.

ನಮ್ಮ ಚಿತ್ರಕ್ಕೆ ಒಂದು ದಿನ ಮತ್ತೆ ಶೂಟ್ ಮಾಡಿದೆವು. ತಮ್ಮ ಬೀಗದ ಕೈ ತಗೊಂಡು ಹೋದ ಮೇಲೆ ಅಕ್ಕ ಗೋಡೆ ಕಡೆ ತಿರುಗುತ್ತಾಳೆ. ಮುಂದಿನ ಶಾಟ್: ಮೊಳೆ, ಮೊಳೆಯ ಕೆಳಗೆ ವರ್ಷಗಟ್ಟಲೆ ಬೀಗದ ಕೈ ತೂಗಿ ತೂಗಿ ಗೋಡೆಯಲ್ಲಿ ಬಿದ್ದ ಗೀರು. ಆರು ಸೆಕೆಂಡ್ ಇಟ್ಟಿದ್ದೆ.

ಎಡಿಟ್ ಮಾಡ್ತಿದ್ದ ಗೆಳೆಯ ಅದನ್ನು ನೋಡಿ, "ಇಲ್ಲಿ ಕಥೆ ನಿಂತೇಹೋಗುತ್ತೆ ಕಣೋ" ಅಂದ. ನಾನು ಅಂಡರ್‌ಲೈನ್ ಮಾಡಿದ್ದ ಸಾಲನ್ನು ಅವನಿಗೆ ತೋರಿಸಿದೆ. ಹೆಣ್ಣನ್ನು ನೋಡೋಕೆ ಕಥೆ ನಿಂತರೆ ಯಾರಿಗೂ ತೊಂದರೆಯಿಲ್ಲ, ಹೆಣ್ಣು ನೋಡೋಕೆ ನಿಂತರೆ ಯಾಕೆ ಅಂದೆ. ಅವನು ಒಪ್ಪಲಿಲ್ಲ. ಎರಡು ಸೆಕೆಂಡಿಗೆ ಇಳಿಸಿದ, ನಾನು ಮತ್ತೆ ಆರಕ್ಕೆ ಎಳೆದೆ. ಜಗಳವಾಡಿ ನಾಲ್ಕಕ್ಕೆ ನಿಂತೆವು, ಸೆಕೆಂಡಿಗೆ 24ರಂತೆ 96 ಫ್ರೇಮ್. ಫೈಲ್ ಎಕ್ಸ್‌ಪೋರ್ಟ್ ಆಗುವವರೆಗೂ ಅವನು ಗೊಣಗುತ್ತಲೇ ಇದ್ದ.