ನಿಶಿಕಿಯಲ್ಲಿ ಬಾಯಿಗೂ ಕಾಲಿಗೂ ಒಟ್ಟಿಗೆ ಕೆಲಸವಿಲ್ಲ

ಜಪಾನಿನ ಕ್ಯೋಟೋದ ನಿಶಿಕಿ ಮಾರುಕಟ್ಟೆ ಸುಮಾರು 390 ಮೀಟರ್ ಉದ್ದದ ಒಂದು ಗಲ್ಲಿ. ಬೆನ್ನಿಗೆ ಚೀಲ ಹೊತ್ತವರು ಪಕ್ಕಕ್ಕೆ ತಿರುಗಿದರೆ ಚೀಲ ಹೋಗಿ ಯಾರದೋ ಉಪ್ಪಿನಕಾಯಿ ಪೀಪಾಯಿಗೆ ನಮಸ್ಕಾರ ಮಾಡುತ್ತದೆ. ಅದನ್ನು ಮುಂದಕ್ಕೆ, ಎದೆಗೆ ಹಾಕಿಕೊಳ್ಳಿ. ಕಡ್ಡಿಗೆ ಚುಚ್ಚಿ ಕೊಟ್ಟದ್ದನ್ನು ಅಂಗಡಿಯೆದುರೇ ನಿಂತು ತಿಂದು, ಕಡ್ಡಿಯನ್ನು ಅಲ್ಲೇ ವಾಪಸು ಕೊಡಿ. ನಡೆಯುತ್ತಾ ತಿನ್ನಬೇಡಿ ಎಂದು ಮಾರುಕಟ್ಟೆಯವರೇ ಬೋರ್ಡು ಹಾಕಿದ್ದಾರೆ. ಮೀರಿದವರಿಗೆ ದಂಡವೇನಿಲ್ಲ, ಆದರೆ ಬೀದಿಯಲ್ಲಿ ಕಸದ ಬುಟ್ಟಿ ಸಿಗುವುದು ಅಪರೂಪ. ಸಾಸ್ ಮೆತ್ತಿದ ಕಡ್ಡಿಯನ್ನು ಹೋಟೆಲಿನವರೆಗೂ ಊದಿನಕಡ್ಡಿ ಹಿಡಿದಂತೆ ಹಿಡಿದು ನಡೆಯುವುದೇ ಶಿಕ್ಷೆ.

'ಮೊಟ್ಟೆ ಆಗುತ್ತೆ, ಮೀನು ಬೇಡ' ಎನ್ನುವ ನಮ್ಮವರು ಎಡವುವುದು ದಾಶಿಮಾಕಿಯಲ್ಲಿ. ಹಳದಿ ಸುರುಳಿ, ನೋಡಲು ಪಾಪದ ಆಮ್ಲೆಟ್ಟು. ಅದಕ್ಕೆ ಬೆರೆಸುವ ದಾಶಿ ಎಂಬ ತಿಳಿಸಾರನ್ನು ಸಾಮಾನ್ಯವಾಗಿ ಕೊಂಬು ಎಂಬ ಕಡಲಪಾಚಿ ಮತ್ತು ಒಣಗಿಸಿ ಹೆರೆದ ಕತ್ಸುವೋ ಮೀನಿನಿಂದ ತೆಗೆಯುತ್ತಾರೆ. 'ನಿಕು ಇದೆಯಾ?' ಎಂದು ಕೇಳಿದರೆ 'ಇಲ್ಲ' ಎಂಬ ಪ್ರಾಮಾಣಿಕ ಉತ್ತರವೇ ಬರುತ್ತದೆ. ನಿಕು ಎಂದರೆ ಮಾಂಸ, ಮೀನು ಆ ಲೆಕ್ಕಕ್ಕಿಲ್ಲ. ಕೇಳಬೇಕಾದ್ದು 'ಕತ್ಸುವೋ ದಾಶಿ ಹೈತ್ತೆ ಇಮಾಸು ಕಾ?' ಎಂದು, ಅಂದರೆ 'ಇದರಲ್ಲಿ ಕತ್ಸುವೋ ದಾಶಿ ಇದೆಯಾ?'. ನೆಮ್ಮದಿ ಬೇಕಾದರೆ ಯುಬಾ ಕೊಳ್ಳಿ. ಸೋಯಾ ಹಾಲು ಕಾಯಿಸಿ ಮೇಲೆತ್ತಿದ ಕೆನೆ ಅದು. ಜೊತೆಗೆ ಕೊಡುವ ಸಾಸಿನ ಮೇಲೆ ಮಾತ್ರ ಅದೇ ಅನುಮಾನವಿರಲಿ.

ಉಪ್ಪಿನಕಾಯಿಯ ಫಜೀತಿ ಬೇರೆ. ನುಕಾಜುಕೆ ಎಂಬ ಉಪ್ಪಿನಕಾಯಿಯ ಸೌತೆಗೆ ಮೆತ್ತಿದ ಕಂದು ಮುದ್ದೆಯನ್ನು ಮಸಾಲೆ ಎಂದುಕೊಂಡು ಚಪ್ಪರಿಸಹೊರಟರೆ ಬಾಯಿತುಂಬ ಅಕ್ಕಿ ತೌಡು, ಎಮ್ಮೆಗೆ ಕಲಸುತ್ತೇವಲ್ಲ ಅದೇ. ತೊಳೆದು, ಹೆಚ್ಚಿ ತಿನ್ನಬೇಕು. ಉಮೆ ಎಂಬ ಹುಳಿಕಾಯಿಯನ್ನು ಉಪ್ಪಿಗೆ ಹಾಕಿ ಒಣಗಿಸಿದ ಉಮೆಬೋಶಿಯನ್ನು ದ್ರಾಕ್ಷಿಯಂತೆ ಬಾಯಿಗೆಸೆದವರ ಮುಖವಂತೂ ನೋಡುವ ಹಾಗಿರುತ್ತದೆ. ಹಳೇ ಕ್ರಮದಲ್ಲಿ ಒಂದು ಕಿಲೋ ಕಾಯಿಗೆ 180ರಿಂದ 200 ಗ್ರಾಂ ಉಪ್ಪು! ಮೊಸರನ್ನಕ್ಕೆ ಒಂದು ಮಿಡಿ ಇದ್ದಂತೆ, ಒಂದು ಬಟ್ಟಲು ಅನ್ನಕ್ಕೆ ಒಂದು ಸಾಕು.

ಇಷ್ಟಕ್ಕೂ ಸಂಜೆ ಐದರೊಳಗೆ ಹೋಗಿ. ಆರರ ಹೊತ್ತಿಗೆ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. 1716ರಲ್ಲಿ ಇದೇ ಬೀದಿಯ ತರಕಾರಿ ಸಗಟು ವ್ಯಾಪಾರಿಯ ಮನೆಯಲ್ಲಿ ಹುಟ್ಟಿದ ಇತೋ ಜಾಕುಚು ಅಂಗಡಿ ಬಿಟ್ಟು ಚಿತ್ರಕಾರನಾದ. ತಡವಾಗಿ ಬಂದವರಿಗೆ ಷಟರುಗಳ ಮೇಲೆ ಅವನ ಚಿತ್ರಗಳಾದರೂ ಇವೆ, ಅವಕ್ಕೆ ದಾಶಿ ಹಾಕಿಲ್ಲ.