ಹುಳು ಮಣ್ಣಲ್ಲಿ, ಔಷಧಿ ಎಲೆ ಮೇಲೆ!

ಹೊಟ್ಟೆ ಉರಿದು ಬರೆಯುತ್ತಿದ್ದೇನೆ. ಹುಣಸೂರು ಕಡೆ ನಮ್ಮದು 20 ಗುಂಟೆ ಆಲೂಗಡ್ಡೆ. ದೀಪಾವಳಿ ಕಳೆದ ಮೇಲೆ 6 ಮೂಟೆ ಬಿತ್ತನೆ ಗೆಡ್ಡೆ ತಂದು ಹಾಕಿದ್ದೆವು. ಮೊಳಕೆ ಚೆನ್ನಾಗಿ ಬಂತು. ಗಿಡ ಗೇಣುದ್ದ ಆಗುವಷ್ಟರಲ್ಲಿ ಒಂದು ಬೆಳಿಗ್ಗೆ ನೋಡಿದರೆ ಒಂದೇ ಸಾಲಿನಲ್ಲಿ ಏಳೆಂಟು ಗಿಡ ನೆಲಕ್ಕೆ ಮಲಗಿವೆ. ಮಾರನೇ ದಿನ ಪಕ್ಕದ ಸಾಲು. ಮೂರನೇ ದಿನ ಎಣಿಸೋದನ್ನೇ ಬಿಟ್ಟೆ.

ಬಿದ್ದ ಗಿಡವನ್ನ ಕೈಯಲ್ಲಿ ಹಿಡಿದು ನೋಡಿದೆ. ಎಲೆ ಹಸಿರಾಗೇ ಇದೆ, ಒಂದು ಚುಕ್ಕೆ ಇಲ್ಲ. ಕಾಂಡ ಮಾತ್ರ ಮಣ್ಣಿನ ಮಟ್ಟಕ್ಕೆ ಸರಿಯಾಗಿ ಕತ್ತರಿ ಹಾಕಿದ ಹಾಗೆ ತುಂಡಾಗಿದೆ. ಕೊಳೆತಿಲ್ಲ, ಮೆತ್ತಗಾಗಿಲ್ಲ, ವಾಸನೆ ಇಲ್ಲ. ತುಂಡಾದ ಜಾಗದಲ್ಲಿ ಇನ್ನೂ ರಸ ಒಸರುತ್ತಿತ್ತು.

ಅದನ್ನೇ ಪೇಪರಿನಲ್ಲಿ ಸುತ್ತಿಕೊಂಡು ಔಷಧಿ ಅಂಗಡಿಗೆ ಹೋದೆ. ಮೊದಲ ಮಾತೇ, "ಯಜಮಾನ್ರು ಬರ್ಲಿಲ್ವಾ ಅಕ್ಕ?" ಯಾಕೆ ಬರಬೇಕು? ಗಿಡ ನೆಟ್ಟವಳು ನಾನು, ಕಳೆ ಕಿತ್ತವಳು ನಾನು. ಕೌಂಟರ್ ಮೇಲೆ ಗಿಡ ಇಟ್ಟೆ. ಅವರು ಅದನ್ನ ಮುಟ್ಟಲೂ ಇಲ್ಲ. ಇದ್ದಲ್ಲಿಂದಲೇ ನೋಡಿ, "ಬುಡ ಕೊಳೆ ರೋಗ" ಅಂದುಬಿಟ್ಟರು. ಒಂದು ಪುಡಿ, ಜೊತೆಗೆ ಒಂದು ಟಾನಿಕ್. 1,480 ರೂಪಾಯಿ. "ಕೊಳೆತಿಲ್ವಲ್ಲ ಅಣ್ಣ, ಯಾರೋ ಕೊಯ್ದ ಹಾಗಿದೆ" ಅಂದೆ. "ಈ ವರ್ಷ ಎಲ್ಲಾ ಕಡೆ ಇದೇ ಅಕ್ಕ, ಹೊಡೀರಿ, ಎದ್ದು ಕೂರುತ್ತೆ" ಅಂದರು. ಬುಡದಲ್ಲೇ ತುಂಡಾದ ಗಿಡ ಎಲ್ಲಿಂದ ಎದ್ದು ಕೂರುತ್ತೆ?

ಆದರೂ ಹೊಡೆಸಿದೆ. ನಮ್ಮ ಮಾತಿಗಿಂತ ಅಂಗಡಿಯವರ ಮಾತು ದೊಡ್ಡದು ಅಂತ ನಂಬಿಕೊಂಡು ಬಂದಿದ್ದೇವಲ್ಲ. ನಾಲ್ಕು ದಿನ ಕಳೆಯಿತು. ಗಿಡ ಬೀಳೋದು ನಿಲ್ಲಲಿಲ್ಲ. ಮತ್ತೆ ಹೋದೆ. ಈ ಸಲ "ಓ, ಹಾಗಾದ್ರೆ ಹುಳ" ಅಂತ ಇನ್ನೊಂದು ಬಾಟಲಿ ತೆಗೆದರು. ಯಾವ ಹುಳ? ಹೇಳಲಿಲ್ಲ. ಎಲ್ಲಿಗೆ ಹೊಡೀಬೇಕು? "ಎಲೆ ನೆನೆಯೋ ಹಾಗೆ." ಎಷ್ಟು ಹೊತ್ತಿಗೆ? "ಯಾವಾಗಾದ್ರೂ." ಬೆಳಿಗ್ಗೆ 11 ಗಂಟೆಯ ಬಿಸಿಲಲ್ಲಿ ಆಳಿಗೆ ಕೂಲಿ ಕೊಟ್ಟು ಎಲೆಗೆ ಹೊಡೆಸಿದ್ದಾಯಿತು.

ಕೊನೆಗೆ ನಿಜ ಗೊತ್ತಾಗಿದ್ದು ರಾತ್ರಿ ಕರೆಂಟಿನಿಂದ. ನಮಗೆ ತ್ರೀ ಫೇಸ್ ಬರೋದು ರಾತ್ರಿ ಹತ್ತರ ಮೇಲೆ. ಮೋಟಾರ್ ಹಾಕಿ, ನೀರು ತಿರುಗಿಸಲು ಮೊಬೈಲ್ ಟಾರ್ಚ್ ಹಿಡಿದು ಸಾಲಿಗೆ ಇಳಿದೆ. ಒಂದು ಗಿಡ ಗಾಳಿ ಇಲ್ಲದೆ ಅಲುಗಾಡುತ್ತಿತ್ತು. ಬಗ್ಗಿ ಬೆಳಕು ಬಿಟ್ಟರೆ, ಬೂದು ಕಪ್ಪು ಬಣ್ಣದ, ಎಣ್ಣೆ ಸವರಿದ ಹಾಗೆ ಹೊಳೆಯುವ ದಪ್ಪ ಹುಳು. ಕಾಂಡಕ್ಕೆ ಬಾಯಿ ಹಾಕಿ ಕೊಯ್ಯುತ್ತಾ ಇದೆ. ಕಡ್ಡಿಯಿಂದ ಮುಟ್ಟಿದ ತಕ್ಷಣ ಚಕ್ಕುಲಿ ಥರ ಸುತ್ತಿಕೊಂಡಿತು. ಮಾರನೇ ದಿನ ಬೆಳಗ್ಗೆ ಬಿದ್ದ ಗಿಡದ ಬುಡ ಕೆದಕಿದೆ. ಒಂದೆರಡು ಇಂಚು ಮಣ್ಣಿನ ಕೆಳಗೆ ಅದೇ ಹುಳು ಆರಾಮಾಗಿ ಮಲಗಿತ್ತು.

ಇದು ಕತ್ತರಿ ಹುಳು. ಹಗಲೆಲ್ಲಾ ಮಣ್ಣಿನೊಳಗೆ ಅಡಗಿ, ರಾತ್ರಿ ಹೊರಗೆ ಬಂದು ಎಳೆ ಕಾಂಡ ಕೊಯ್ಯುತ್ತದೆ. ತಿನ್ನೋದು ಕಡಿಮೆ, ಕೆಡವೋದೇ ಜಾಸ್ತಿ. ಒಂದೇ ಹುಳು ಒಂದು ರಾತ್ರಿಯಲ್ಲಿ ನಾಲ್ಕಾರು ಗಿಡ ಉರುಳಿಸುತ್ತದೆ. ಗೆಡ್ಡೆ ಕಟ್ಟಿದ ಮೇಲೂ ಬಿಡಲ್ಲ, ಗೆಡ್ಡೆಗೇ ತೂತು ಹಾಕುತ್ತದೆ. ತೂತು ಬಿದ್ದ ಆಲೂಗಡ್ಡೆಯನ್ನ ಮಂಡಿಯಲ್ಲಿ ಪಕ್ಕಕ್ಕೆ ಎಸೆಯುತ್ತಾರೆ. ಇಂಥ ಹುಳುವಿಗೆ ಹಗಲು ಹೊತ್ತು ಎಲೆಗೆ ಔಷಧಿ ಹೊಡೆದರೆ ಏನು ಬಂತು? ಹುಳು ಮಣ್ಣಲ್ಲಿ, ಔಷಧಿ ಎಲೆ ಮೇಲೆ. ಸತ್ತಿದ್ದು ನಮ್ಮ ದುಡ್ಡು, ಜೊತೆಗೆ ಹುಳು ತಿನ್ನೋ ಒಳ್ಳೆ ಜೀವಗಳೂ ಸತ್ತಿರುತ್ತವೆ.

ನನ್ನ ಸಿಟ್ಟು ಬರೀ ಅಂಗಡಿ ಮೇಲಲ್ಲ. ಎರಡು ಸರ್ಕಾರಿ ಕಚೇರಿ ಅಲೆದೆ. ಒಂದು ಕಡೆ "ಆಲೂಗಡ್ಡೆ ನಮಗೆ ಬರಲ್ಲಮ್ಮ, ಅದು ತರಕಾರಿ" ಅಂದರು. ಇನ್ನೊಂದು ಕಡೆ "ಸಾರ್ ಮೀಟಿಂಗಿಗೆ ಹೋಗಿದ್ದಾರೆ, ಫೋಟೋ ಕಳಿಸಿ" ಅಂದರು. ಫೋಟೋದಲ್ಲಿ ಮಣ್ಣೊಳಗಿನ ಹುಳು ಕಾಣುತ್ತಾ? ಆಲೂಗಡ್ಡೆ ಅಂದ ಕೂಡಲೇ ಎಲ್ಲರ ಬಾಯಲ್ಲೂ ಅಂಗಮಾರಿ, ಎಲೆ ಸುಟ್ಟ ಹಾಗೆ ಮಾಡೋ ರೋಗ. ಸರಿ, ಅಂಗಮಾರಿ ನಮ್ಮನ್ನ ಹಾಳು ಮಾಡಿದೆ, ಇಲ್ಲ ಅನ್ನಲ್ಲ. ಆದರೆ ಅದು ಬರೋ ಮುಂಚೆಯೇ ಗಿಡ ಕಳೆದುಕೊಳ್ಳೋರ ಗತಿ ಏನು? ಬಾಟಲಿ ಮಾರೋರು ಹೆಜ್ಜೆಗೊಬ್ಬರು ಸಿಗುತ್ತಾರೆ. ಒಂದು ಬುಡ ಕೆದಕಿ ನೋಡೋರು ಒಬ್ಬರೂ ಸಿಗಲಿಲ್ಲ.

ಕೊನೆಗೆ ನಾನೂ ಅತ್ತೆಯೂ ಮೂರು ರಾತ್ರಿ ಟಾರ್ಚ್ ಹಿಡಿದು ಆರಿಸಿದೆವು. ಸೋಪಿನ ನೀರಿದ್ದ ಬಕೆಟ್ಟಿಗೆ ಹಾಕಿದೆವು. ಸಂಜೆ ಕಿತ್ತ ಕಳೆಯನ್ನ ಸಾಲಿನ ನಡುವೆ ಸಣ್ಣ ಗುಡ್ಡೆ ಮಾಡಿ ಬಿಟ್ಟು, ಬೆಳಗಾಗುತ್ತಲೇ ಎತ್ತಿ ನೋಡಿದರೆ ಅದರಡಿಯೇ ಹುಳು ಸೇರಿಕೊಂಡಿರುತ್ತಿತ್ತು. ಒಂದು ದಿನ ಹಗಲು ಕರೆಂಟ್ ಸಿಕ್ಕಾಗ ನೀರು ತುಂಬಾ ಹಾಯಿಸಿದೆವು. ಹುಳು ಮೇಲೆ ಬಂದವು, ಬೆಳ್ಳಕ್ಕಿ, ಗೊರವಂಕ ಇಳಿದು ಹೆಕ್ಕಿ ತಿಂದವು. ತೌಡು ಬೆಲ್ಲಕ್ಕೆ ವಿಷ ಕಲಸಿ ಸಂಜೆ ಬುಡದ ಹತ್ತಿರ ಇಡೋ ಪದ್ಧತಿಯೂ ಇದೆ. ನಮ್ಮಲ್ಲಿ ಕೋಳಿ, ಕರು ಎಲ್ಲಾ ಹೊಲಕ್ಕೇ ನುಗ್ಗುತ್ತವೆ, ಧೈರ್ಯ ಬರಲಿಲ್ಲ. ಬಿಸಿಲುಗಾಲದಲ್ಲಿ ಆಳವಾಗಿ ಉತ್ತು ಬಿಟ್ಟಿದ್ದರೆ ಮಣ್ಣಲ್ಲಿದ್ದ, ಪತಂಗ ಆಗೋ ಮುಂಚಿನ ಗೂಡುಹುಳು ಎಷ್ಟೋ ಅಲ್ಲೇ ಒಣಗುತ್ತಿದ್ದವು. ಬಿತ್ತುವ ಮುಂಚೆ ಬದುವಿನ ಕಳೆಯನ್ನೂ ತೆಗೆದಿರಬೇಕಿತ್ತು, ಈ ಹುಳುವಿನ ಪತಂಗ ಹೆಚ್ಚಾಗಿ ಮೊಟ್ಟೆ ಇಡೋದು ಅಂಥ ಕಡೆ. ಆ ತಪ್ಪು ನಮ್ಮದು, ಒಪ್ಪುತ್ತೇನೆ. ಆದರೆ ಅದನ್ನೂ ಯಾರೂ ಹೇಳಿರಲಿಲ್ಲ.

ಗಿಡ ಬೀಳೋದು ಈಗ ಕಡಿಮೆಯಾಗಿದೆ. ಉಳಿದ ಹುಳುವಿಗೆ ನಿನ್ನೆ ಮತ್ತೆ ಅದೇ ಅಂಗಡಿಗೆ ಹೋದೆ, ಊರಲ್ಲಿ ಬೇರೆ ಅಂಗಡಿ ಇಲ್ಲ. ಈ ಸಲ ಬಾಟಲಿ ಮೇಲಿನ ಚೀಟಿಯನ್ನ ಅಲ್ಲೇ ನಿಂತು ಓದಿದೆ. ಸಾಸಿವೆ ಕಾಳಿನಷ್ಟು ಅಕ್ಷರ. ಆಲೂಗಡ್ಡೆಗೆ, ಈ ಹುಳುವಿಗೆ ಅಂತ ಇದೆಯಾ, ಬುಡಕ್ಕೆ ಎಷ್ಟು ಹಾಕಬೇಕು ಅಂತ ಕೇಳಿ ತಿಳಿದುಕೊಂಡೆ. ಬಿಲ್ ಕೇಳಿದರೆ ಬಿಳಿ ಚೀಟಿಯಲ್ಲಿ ದುಡ್ಡಷ್ಟೇ ಗೀಚಿ ಕೊಟ್ಟರು. ವಾಪಸ್ ಕೊಟ್ಟೆ. "ಔಷಧಿ ಹೆಸರು, ಬ್ಯಾಚ್ ನಂಬರ್ ಎಲ್ಲಾ ಬರೆದು ಕೊಡಿ" ಅಂದೆ. "ಇಷ್ಟು ವರ್ಷ ಯಾರೂ ಕೇಳಿಲ್ಲ ಅಕ್ಕ" ಅಂತ ಮುಖ ಸಿಂಡರಿಸಿದರು. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಬರೆದು ಕೊಡೋವರೆಗೂ ನಾನು ಕೌಂಟರ್ ಬಿಟ್ಟು ಕದಲಲಿಲ್ಲ.